ಎಲ್ಲಾ ನಾರ್ಮಲ್, ಹೊಟ್ಟೆ ಒಂದು ಬಿಟ್ಟು

ಹೊಟ್ಟೆ ಸರಿಯಿಲ್ಲ ಅಂತ ನಮ್ಮ ಕಡೆ ಯಾರ ಹತ್ತಿರವೂ ಬಾಯಿ ಬಿಡಬಾರದು. ಮಂಡಿನೋವು ಅಂದರೆ "ಡಾಕ್ಟ್ರಿಗೆ ತೋರಿಸಿ" ಅಂತಾರೆ, ಮುಗಿಯಿತು. ಕಣ್ಣು ಮಂಜು ಅಂದರೂ ಅಷ್ಟೇ. ಹೊಟ್ಟೆ ಅಂದರೆ ಮಾತ್ರ ಎದುರಿಗೆ ಇದ್ದವರೇ ಡಾಕ್ಟ್ರು. ಹೂವಿನವಳು ಮೊಳ ಅಳೆಯುತ್ತಲೇ "ಓಂಕಾಳು ಜಗೀರಿ ಅಕ್ಕ" ಅಂದಳು. ಪಕ್ಕದ ಮನೆಯವರು ಜೀರಿಗೆ ಕಷಾಯದ ಲೋಟ ಹಿಡಿದೇ ಬಂದರು. ಅತ್ತೆ ಮಜ್ಜಿಗೆಗೆ ಇಂಗು ಕದಡಿ ಕೊಟ್ಟರು. ಮಂಗಳೂರಿನ ಗೆಳತಿ ಪುನರ್ಪುಳಿ ಸಿಪ್ಪೆ ಕೊರಿಯರ್ ಮಾಡಿದಳು. ಧಾರವಾಡದ ನಾದಿನಿಯಂತೂ ಫೋನಿನಲ್ಲೇ ರೋಗ ಹಿಡಿದುಬಿಟ್ಟಳು. "ವೈನಿ, ನಿಮಗ ಬಟ್ಟಿ ಸರದದ. ಹೊಕ್ಕಳದ ಮ್ಯಾಲೆ ದೀಪಾ ಇಟ್ಟು ತಂಬಗಿ ಡಬ್ಬ ಹಾಕಸ್ರಿ." ಬಟ್ಟಿ ಸರಿಯುವುದು ಅಂದರೆ ಹೊಕ್ಕಳು ಜಾಗ ತಪ್ಪುವುದಂತೆ.

ಎಲ್ಲ ಮಾಡಿದೆ, ದೀಪ ಒಂದು ಬಿಟ್ಟು. ಒಳಗೆ ಎಷ್ಟು ಗ್ಯಾಸ್ ಇದೆಯೋ ಏನೋ, ಅದರ ಮೇಲೆ ಬೆಂಕಿ ಇಡುವ ಧೈರ್ಯ ಬರಲಿಲ್ಲ.

ತೊಂದರೆ ಏನು ಅಂತ ಹೇಳಿಬಿಡುತ್ತೇನೆ. ಬೆಳಿಗ್ಗೆ ಏಳುವಾಗ ಹೊಟ್ಟೆ ಎಲ್ಲಿರಬೇಕೋ ಅಲ್ಲೇ ಇರುತ್ತದೆ. ತಿಂಡಿ ಆದಮೇಲೆ ಗುಡುಗುಡು ಶುರು. ಮಧ್ಯಾಹ್ನದ ಊಟಕ್ಕೆ ಉಬ್ಬರ. ಸಂಜೆ ನೋಡಬೇಕು, ಬೆಳಿಗ್ಗೆ ಏಳು ನೆರಿಗೆ ಬರುವ ಸೀರೆ ಸಂಜೆ ಉಟ್ಟರೆ ಐದಕ್ಕೇ ಮುಗಿದುಹೋಗುತ್ತದೆ. 2023ರಲ್ಲಿ ಶಕ್ತಿ ಯೋಜನೆ ಬಂದಮೇಲೆ ಸಂಜೆಯ ಬಸ್ಸಿನಲ್ಲಿ ಹೆಂಗಸರಿಗೆ ಒಂಟಿ ಕಾಲಲ್ಲಿ ನಿಲ್ಲುವುದಕ್ಕೂ ಜಾಗವಿಲ್ಲ. ನನಗೆ ಮಾತ್ರ ಸೀಟು ಸಿಗುತ್ತದೆ. ಮೊನ್ನೆ ಒಬ್ಬಳು ಕಾಲೇಜು ಹುಡುಗಿ ನನ್ನ ಹೊಟ್ಟೆ ನೋಡಿ ದಡಕ್ಕನೆ ಎದ್ದು "ಕೂತ್ಕೊಳ್ಳಿ ಆಂಟಿ, ಹುಷಾರು" ಅಂದಳು. ನನಗೆ 48 ವರ್ಷ. ನಿಜ ಹೇಳೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನ ಸೀಟಿನ ಅಜ್ಜಿ "ಎಷ್ಟನೇದವ್ವ?" ಅಂದರು. "ಎರಡನೇದು" ಅಂತ ಹೇಳಿ ಕೂತುಬಿಟ್ಟೆ. ಬನಶಂಕರಿವರೆಗೆ ಹೋಗಬೇಕಿತ್ತು, ಕಾಲು ಬೇರೆ ನೋಯುತ್ತಿತ್ತು.

ಸದ್ದಿನ ಕಥೆ ಬೇರೆ. ಹೊಟ್ಟೆ ತುಂಬಿದ್ದಾಗ ಮಾತ್ರ ಗುಡುಗುತ್ತದೆ ಅಂತೇನಿಲ್ಲ. ಖಾಲಿ ಇದ್ದಾಗಲೂ ಒಂದೂವರೆ ಎರಡು ಗಂಟೆಗೊಮ್ಮೆ ಹೊಟ್ಟೆ ಮತ್ತು ಸಣ್ಣ ಕರುಳು ತಮ್ಮನ್ನು ತಾವೇ ಹಿಂಡಿಕೊಂಡು, ಉಳಿದದ್ದು ಪಳಿದದ್ದನ್ನೆಲ್ಲ ಮುಂದಕ್ಕೆ ತಳ್ಳುತ್ತವೆ. ಇದು ಎಲ್ಲರ ಒಳಗೂ ನಡೆಯುತ್ತದೆ. ಆದರೆ ಎಲ್ಲರ ಮನೆಯಲ್ಲಿ ಕಸ ಗುಡಿಸುವ ಸದ್ದು ಬೀದಿಗೆ ಕೇಳುವುದಿಲ್ಲ, ಅಲ್ವಾ? ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ರಾಮನವಮಿ ಕಛೇರಿ. ಆಲಾಪನೆ ಮೆಲ್ಲಗೆ ಮಂದ್ರಕ್ಕೆ ಇಳಿಯಿತು. ಪೆಂಡಾಲಿಗೆ ಪೆಂಡಾಲೇ ಉಸಿರು ಬಿಗಿಹಿಡಿದಿತ್ತು. ಆಗ ನನ್ನ ಹೊಟ್ಟೆ ಷಡ್ಜ ಹಿಡಿಯಿತು. ಮುಂದಿನ ಸಾಲಿನವರು ಹಿಂದಕ್ಕೆ ತಿರುಗಿ ನೋಡಿದರು. ನಾನೂ ತಿರುಗಿ ನನ್ನ ಹಿಂದಿನವರನ್ನು ನೋಡಿದೆ.

ಅದಾದ ಮೇಲೆ ನಮ್ಮವರು ಗಂಭೀರವಾದರು. ಬಡಾವಣೆಯ ಡಾಕ್ಟ್ರು ಮೊದಲು ಆಸಿಡಿಟಿ ಅಂದರು. ತಿಂಡಿಗೆ ಅರ್ಧ ಗಂಟೆ ಮುಂಚೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ. ಬೆಂಗಳೂರಿನಲ್ಲಿ ಈ ಮಾತ್ರೆ ನುಂಗದವರನ್ನು ಹುಡುಕಬೇಕು. ಮದುವೆಮನೆಗಳಲ್ಲಿ ತಿಂಡಿಯ ಹೊತ್ತಿಗೆ ಸರಿಯಾಗಿ ಎಲ್ಲರ ಪರ್ಸಿನಿಂದಲೂ ಹೊರಗೆ ಬರುತ್ತದೆ. ನನಗೆ ಅದರಿಂದ ಎದೆಯುರಿ ಹೋಯಿತು. ಎದೆಯುರಿ ನನಗೆ ಮೊದಲೂ ಅಷ್ಟೇನು ಇರಲಿಲ್ಲ.

ಆಮೇಲೆ ಸ್ಕ್ಯಾನಿಂಗ್. ಮೂತ್ರಕೋಶ ತುಂಬಿರಬೇಕು ಅಂತ ಬಾಟಲಿಗಟ್ಟಲೆ ನೀರು ಕುಡಿಸಿ ಬೆಂಚಿನ ಮೇಲೆ ಕೂರಿಸಿದರು. ನನಗಿಂತ ಮುಂದೆ ಎಂಟು ಜನ, ಎಲ್ಲರೂ ಕಾಲು ಮೇಲೆ ಕಾಲು ಹಾಕಿಕೊಂಡು ಗೋಡೆ ನೋಡುತ್ತಿದ್ದರು. ಯಾರೂ ನಗುವಂತಿಲ್ಲ, ಕೆಮ್ಮುವಂತಿಲ್ಲ. ಕೊನೆಗೆ ನನ್ನ ಸರದಿ ಬಂತು. ತಣ್ಣಗಿನ ಜೆಲ್ ಹಚ್ಚಿ, ಒತ್ತಿ, ಹೊರಳಿಸಿ, "ಉಸಿರು ಎಳ್ಕೊಳ್ಳಿ, ಬಿಡ್ಬೇಡಿ" ಅಂದರು. ಬಿಡಬೇಡಿ ಅನ್ನುವುದು ಉಸಿರಿಗೆ ಮಾತ್ರ ಹೇಳಿದ್ದೋ ಅಂತ ಗೊತ್ತಾಗದೆ ಎಲ್ಲವನ್ನೂ ಹಿಡಿದುಕೊಂಡೆ. ರಿಪೋರ್ಟು ಬಂತು. ಲಿವರು ಗ್ರೇಡ್ ಒಂದು ಫ್ಯಾಟಿ. ಅದು ಬಿಡಿ, ನನ್ನ ಗೆಳತಿಯರಲ್ಲಿ ಅದು ಬರದವರೇ ಇಲ್ಲ. ಪ್ಯಾಂಕ್ರಿಯಾಸ್ ಅನ್ನುವ ಜಾಗದಲ್ಲಿ ಏನು ಬರೆದಿತ್ತು ಗೊತ್ತಾ? ಕರುಳಿನ ಗ್ಯಾಸ್ ಅಡ್ಡ ಬಂದಿರುವುದರಿಂದ ಸರಿಯಾಗಿ ಕಾಣಿಸುತ್ತಿಲ್ಲ ಅಂತ.

ಗ್ಯಾಸ್ ಯಾಕೆ ಅಂತ ಕೇಳುವುದಕ್ಕೆ ನಾನು ಹೋಗಿದ್ದು. ಗ್ಯಾಸ್ ಇರೋದರಿಂದ ಹೇಳಕ್ಕಾಗಲ್ಲ ಅಂತ ಬರೆದು ಕೊಟ್ಟು ದುಡ್ಡು ತೆಗೆದುಕೊಂಡರು. ಶಬ್ದದ ಅಲೆ ಗಾಳಿಯನ್ನು ದಾಟಿ ಆಚೆಗೆ ಹೋಗುವುದಿಲ್ಲವಂತೆ, ಅಲ್ಲೇ ಹಿಂದಕ್ಕೆ ಬರುತ್ತದಂತೆ. ಸರಿ, ಅದರ ಕಷ್ಟ ಅದಕ್ಕೆ.

ಎಂಡೋಸ್ಕೋಪಿ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಗಂಟಲಿಗೆ ಕಹಿ ಸ್ಪ್ರೇ ಹೊಡೆದರು, ಎಡಗಡೆಗೆ ಮಲಗಿಸಿದರು, ಬಾಯಿಗೆ ಪ್ಲಾಸ್ಟಿಕ್ ಬಳೆ ಕಚ್ಚಿಸಿದರು. ನಾನು ಅಷ್ಟು ಹೊತ್ತು ಮಾತಾಡದೆ ಇದ್ದದ್ದು ಅದೇ ಮೊದಲು ಅಂತ ನಮ್ಮವರು ಇವತ್ತಿಗೂ ನೆನಪಿಸಿಕೊಳ್ಳುತ್ತಾರೆ. ಹೊಟ್ಟೆಯ ಒಳಪದರದ ಒಂದು ಚೂರು ತೆಗೆದು ಎಚ್. ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ಇದೆಯಾ ಅಂತ ನೋಡಿದರು. ಈ ಬ್ಯಾಕ್ಟೀರಿಯಾ ಮೇಲೆ ನನಗೆ ಭಾರೀ ಆಸೆ ಇತ್ತು. ಯಾಕೆಂದರೆ ಅದರ ಕಥೆ ಓದಿಕೊಂಡಿದ್ದೆ. ಒಂದು ಕಾಲದಲ್ಲಿ ಅಲ್ಸರ್ ಅಂದರೆ ಟೆನ್ಷನ್ನು, ಖಾರ, ಆಸಿಡ್ಡು ಅಂತಲೇ ಹೇಳುತ್ತಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅಲ್ಲ, ಬ್ಯಾಕ್ಟೀರಿಯಾ ಅಂದರು. ಯಾರೂ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆಸಿದ ನೀರನ್ನು ತಾನೇ ಗಟಗಟ ಕುಡಿದು, ಹೊಟ್ಟೆ ಕೆಡಿಸಿಕೊಂಡು ತೋರಿಸಿದ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹೊಟ್ಟೆ ಕೆಡಿಸಿಕೊಂಡದ್ದಕ್ಕೆ ನೊಬೆಲ್! ನಾನು ರಸ್ತೆ ಬದಿಯ ಪಾನಿಪೂರಿಯಲ್ಲಿ ವರ್ಷಗಟ್ಟಲೆ ಅದೇ ಕೆಲಸ ಮಾಡುತ್ತಿದ್ದೇನೆ, ಒಂದು ಶಾಲು ಹೊದಿಸಿದವರೂ ಇಲ್ಲ.

ರಿಪೋರ್ಟು ಬಂತು. ಎಚ್. ಪೈಲೋರಿ ಇಲ್ಲ.

ಉಳಿದದ್ದು ಕೊಲೊನೋಸ್ಕೋಪಿ. ಪರೀಕ್ಷೆಯ ಹೊತ್ತಿನಲ್ಲಿ ನಿದ್ದೆ ಬರಿಸುತ್ತಾರೆ, ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಹಿಂದಿನ ದಿನ. ಗಟ್ಟಿ ಆಹಾರ ಮುಟ್ಟಬಾರದು. ಎಳನೀರು, ಬೇಳೆಕಟ್ಟಿನ ತಿಳಿ, ಸೋಸಿದ ನಿಂಬೆ ಪಾನಕ ಅಷ್ಟೇ. ಸಂಜೆ ಒಂದು ಪುಡಿಯನ್ನು ಎರಡು ಲೀಟರು ನೀರಿಗೆ ಬೆರೆಸಿ, ಕಾಲು ಗಂಟೆಗೊಂದು ಲೋಟದ ಹಾಗೆ ಮುಗಿಸಬೇಕು. ನಿಂಬೆ ರುಚಿ ಅಂತ ಪೊಟ್ಟಣದ ಮೇಲೆ ಬರೆದಿತ್ತು. ಬರೆದವರು ಕುಡಿದಿರಲಿಲ್ಲ. ಮೂರನೇ ಲೋಟ ಇಳಿಸುವ ಹೊತ್ತಿಗೆ ಕರೆಗಂಟೆ ಬಾರಿಸಿತು. ನಮ್ಮವರ ದೂರದ ನೆಂಟರು, ಗಂಡ ಹೆಂಡತಿ, ಮಗನ ಮುಂಜಿಗೆ ಕರೆಯುವುದಕ್ಕೆ ಬಂದಿದ್ದರು. ಕೈಯಲ್ಲಿ ಕುಂಕುಮದ ಬಟ್ಟಲು, ಅಕ್ಷತೆ, ಲಗ್ನಪತ್ರಿಕೆ. "ಇಬ್ಬರೂ ಒಟ್ಟಿಗೆ ನಿಂತ್ಕೊಳ್ಳಿ, ಕುಂಕುಮ ಇಟ್ಟು ಕರೀಬೇಕು" ಅಂದರು. ಆಕೆಯ ಬೆರಳು ನನ್ನ ಹಣೆಗೆ ಮುಟ್ಟುವುದಕ್ಕೂ ಪುಡಿ ಕೆಲಸ ಶುರುಮಾಡುವುದಕ್ಕೂ ಸರಿಹೋಯಿತು. ಅರ್ಧ ಕುಂಕುಮದಲ್ಲೇ ಓಡಿದೆ.

ನಮ್ಮ ಮನೆಯಲ್ಲಿ ಇರುವುದು ಒಂದೇ ಬಾತ್‌ರೂಮು. ಒಳಗಿನಿಂದಲೇ ಕೇಳಿಸುತ್ತಿತ್ತು, ಅತ್ತೆ ಕಾಫಿ ಬೆರೆಸುತ್ತಿದ್ದದ್ದು, ನಮ್ಮವರು "ಅವಳಿಗೆ ಸ್ವಲ್ಪ ಕೆಲಸ ಇದೆ" ಅಂದದ್ದು. ಆಮೇಲೆ ಬಂದವರ ಯಜಮಾನರು "ನಾನೂ ಒಂದು ನಿಮಿಷ ಹೋಗಿಬರ್ತೀನಿ, ಶುಗರ್ ಇದೆ ನೋಡಿ, ತಡೆಯಲ್ಲ" ಅಂದರು. ನಾನು ಹೊರಗೆ ಬಂದೆ, ಅವರು ಒಳಗೆ ಹೋದರು. ಚಿಲಕ ಹಾಕುವ ಸದ್ದು ಕೇಳಿದ ಕೂಡಲೇ ನನಗೆ ಮತ್ತೆ ಬಂತು. ಅವರೋ ನಿಧಾನದ ಮನುಷ್ಯ. ಒಳಗೆ ನಲ್ಲಿ ತಿರುಗಿಸಿ, ಏನೋ ಸ್ತೋತ್ರ ಗುನುಗುತ್ತಿದ್ದರು. ಬಾಗಿಲು ಬಡಿಯುವುದಾ ಬೇಡವಾ ಅಂತ ನಾನು ಗೋಡೆಗೆ ಒರಗಿ ನಿಂತಿದ್ದೆ. ಆಕೆ ನನ್ನ ಹತ್ತಿರ ಬಂದು, ಹಣೆಯ ಮೇಲಿನ ಅರ್ಧ ಕುಂಕುಮ ಸರಿಮಾಡಿ, "ಮುಂಜಿಗೆ ಒಂದು ದಿನ ಮುಂಚೇನೇ ಬಂದುಬಿಡಿ, ದೇವರ ಸಮಾರಾಧನೆ ಇದೆ" ಅಂತ ಕೈ ಹಿಡಿದುಕೊಂಡರು. ಬಿಡಿಸಿಕೊಂಡು ಎದುರು ಮನೆಗೆ ಓಡಿದೆ. ಎದುರು ಮನೆಯವರ ಋಣ ನಾನು ತೀರಿಸುವಂಥದ್ದಲ್ಲ.

ಇಷ್ಟೆಲ್ಲ ಆಗಿ ಬಂದ ರಿಪೋರ್ಟು ನಾರ್ಮಲ್. ಸಂತೋಷ ಪಡಬೇಕಾದ ವಿಷಯವೇ. ಪಟ್ಟೆ ಕೂಡ. ಆದರೆ ನಾರ್ಮಲ್ ಅಂತ ನಾಲ್ಕು ಜನರಿಗೆ ಹೇಳುವುದು ಬಹಳ ಕಷ್ಟ.

"ಏನಂತೆ?" ಅಂತ ಎಲ್ಲರೂ ಕೇಳುತ್ತಾರೆ.

"ಏನೂ ಇಲ್ವಂತೆ."

"ಏನೂ ಇಲ್ದೇನೇ ಅಷ್ಟು ದುಡ್ಡು ಸುರಿದ್ರಾ?"

ಶುಗರ್ ಇದ್ದವರಿಗೆ ಒಂದು ಗೌರವ ಇದೆ. ಅವರಿಗೆ ಅಂತ ಬೇರೆ ಕಾಫಿ ಬೆರೆಸುತ್ತಾರೆ. ಥೈರಾಯ್ಡ್ ಇದ್ದವರು ದಪ್ಪಗಾದರೆ "ಪಾಪ, ಥೈರಾಯ್ಡು" ಅಂತಾರೆ. ನನ್ನದಕ್ಕೆ ಹೆಸರಿಲ್ಲ. ಹೆಸರಿಲ್ಲದ ಕಾಯಿಲೆಗೆ ನಮ್ಮ ಜನ ಇಡುವ ಹೆಸರು ಟೆನ್ಷನ್. ಹೆಂಗಸರಾದರಂತೂ ಇನ್ನೂ ಬೇಗ ಇಡುತ್ತಾರೆ. ಅದು ಪೂರ್ತಿ ಸುಳ್ಳೂ ಅಲ್ಲ ಅನ್ನಿ. ಕರುಳಿನ ಗೋಡೆಯಲ್ಲೇ ಹತ್ತು ಕೋಟಿಗೂ ಹೆಚ್ಚು ನರಕೋಶಗಳಿವೆ, ಮಿದುಳಿನ ಜೊತೆ ಅವಕ್ಕೆ ಹಗಲೂ ರಾತ್ರಿ ಮಾತುಕತೆ ನಡೆಯುತ್ತದೆ. ಆದರೆ "ಟೆನ್ಷನ್ ಮಾಡ್ಕೋಬೇಡಿ" ಅಂತ ಹೇಳಿ ಫೈಲು ಮುಚ್ಚುವವರಿಗೆ ಆ ಮಾತುಕತೆ ಬೇಕಿಲ್ಲ, ಹೊರಗೆ ಕೂತಿರುವ ಮುಂದಿನ ಪೇಷೆಂಟು ಬೇಕು.

ಕೊನೆಗೆ ಸಿಕ್ಕಿದ ಡಾಕ್ಟ್ರಮ್ಮ ಒಳ್ಳೆಯವರು. ಫೈಲನ್ನು ಮೊದಲ ಹಾಳೆಯಿಂದ ಓದಿದರು. ಐಬಿಎಸ್, ಅಂದರೆ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ಕರುಳು ಕಾಟ ಕೊಡುವ ಕಾಯಿಲೆ, ಇರಬಹುದಾ ಅಂತ ನಾನೇ ಆಸೆಯಿಂದ ಕೇಳಿದೆ. ಅದಕ್ಕೆ ರೋಮ್ ಅಂತ ಒಂದು ಮಾನದಂಡ ಇದೆ, 2016ರಲ್ಲಿ ಅದರ ನಾಲ್ಕನೇ ಆವೃತ್ತಿ ಬಂದಿದೆ. ಹೊಟ್ಟೆನೋವು ವಾರಕ್ಕೆ ಒಂದು ದಿನವಾದರೂ ಇರಬೇಕು, ಮೂರು ತಿಂಗಳು ಹಾಗೇ ನಡೆದಿರಬೇಕು, ಜೊತೆಗೆ ಇನ್ನೊಂದೆರಡು ಷರತ್ತು. ನನ್ನದು ನೋವಲ್ಲ, ಉಬ್ಬರ. ರೋಮಿನವರೂ ಸೇರಿಸಿಕೊಳ್ಳಲಿಲ್ಲ.

"ತಿಂದಿದ್ದೆಲ್ಲ ಬರೆದಿಡಿ" ಅಂದರು ಡಾಕ್ಟ್ರಮ್ಮ. ಬರೆದೆ. ಅದೂ ಅವರೆಕಾಯಿ ಕಾಲದಲ್ಲಿ. ಅವರೆಯಲ್ಲಿ ನಮಗೆ ಜೀರ್ಣವಾಗದ ಒಂದು ಜಾತಿಯ ಸಕ್ಕರೆ ಇದೆ, ಅದನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ತಿಂದು ಗ್ಯಾಸ್ ಮಾಡುತ್ತವೆ. ಹಾಗಾಗಿ ಕಳ್ಳ ಸಿಕ್ಕಿಬೀಳುವುದು ಖಂಡಿತ ಅಂತ ಕಾದಿದ್ದೆ. ಹಿತಕಿದ ಅವರೆಬೇಳೆ ಸಾರು ಉಂಡ ದಿನ ಹೊಟ್ಟೆ ತೆಪ್ಪಗಿತ್ತು. ಮಾರನೇ ದಿನ ಬರೀ ಗಂಜಿ ಕುಡಿದೆ. ಉಬ್ಬಿತು.

ಆಮೇಲೆ ಡಯಟಿಷಿಯನ್ ಒಂದು ಪಟ್ಟಿ ಕೊಟ್ಟರು. ಫಾಡ್‌ಮ್ಯಾಪ್ ಅಂತ, ಸರಿಯಾಗಿ ಜೀರ್ಣವಾಗದೆ ಗ್ಯಾಸ್ ಮಾಡುವ ಸಕ್ಕರೆಗಳಿರುವ ಆಹಾರದ ಪಟ್ಟಿ. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ್ದು. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು, ಗೋಡಂಬಿ, ಮಾವಿನಹಣ್ಣು ಎಲ್ಲ ಕೆಲವು ವಾರ ಬಂದ್. ಆಮೇಲೆ ಒಂದೊಂದನ್ನೇ ಮತ್ತೆ ತಿಂದು ಯಾವುದು ಕೈಕೊಡುತ್ತದೆ ಅಂತ ನೋಡಬೇಕು. ಅತ್ತೆಗೆ ಓದಿ ಹೇಳಿದೆ. ಕನ್ನಡಕ ಸರಿಮಾಡಿಕೊಂಡು ಕೇಳಿಸಿಕೊಂಡರು.

"ಇದು ಚಾತುರ್ಮಾಸ್ಯ ಅಲ್ವೇನೇ?" ಅಂದರು.

ನಾನು ಸುಮ್ಮನಾದೆ. ಅವರು ಬೆರಳು ಮಡಿಸಿದರು. ಶಾಕವ್ರತ, ಒಂದು ತಿಂಗಳು ತರಕಾರಿ ಇಲ್ಲ. ದಧಿವ್ರತ, ಮೊಸರಿಲ್ಲ. ಕ್ಷೀರವ್ರತ, ಹಾಲಿಲ್ಲ. ದ್ವಿದಳವ್ರತ, ಬೇಳೆಕಾಳಿಲ್ಲ. ಒಂದೊಂದನ್ನೇ ಬಿಡುವುದು, ಒಂದೊಂದನ್ನೇ ಮತ್ತೆ ಹಿಡಿಯುವುದು. ಈರುಳ್ಳಿ ಬೆಳ್ಳುಳ್ಳಿಯನ್ನಂತೂ ಅವರು ಹುಟ್ಟಿದಾಗಿನಿಂದ ಮುಟ್ಟಿಲ್ಲ. "ನಾನು ಹೇಳಿದ್ರೆ ಮಡಿಹೆಂಗಸು ಅಂತಿದ್ದೆ. ಅವ್ರಿಗೆ ಎಷ್ಟು ಕೊಟ್ಟೆ?" ಅಂದರು. ಎಷ್ಟು ಅಂತ ನಾನು ಹೇಳಲಿಲ್ಲ. ಅವರಿಗೆ ಬಿಪಿ ಇದೆ.

ಅವತ್ತಿನಿಂದ ಅಡುಗೆಮನೆ ಅವರ ಕೈಗೆ ಹೋಯಿತು. ಈರುಳ್ಳಿ ಬುಟ್ಟಿಯನ್ನು ಬಾಲ್ಕನಿಗೆ ದಾಟಿಸಿದರು. ಇಂಗಿನ ಡಬ್ಬಿ ಮುಂದಕ್ಕೆ ಬಂತು. ಅದರ ಮೇಲಿನ ಸಣ್ಣ ಅಕ್ಷರ ಓದಿದರೆ ಅದರಲ್ಲೂ ಗೋಧಿಹಿಟ್ಟು! ಆಮೇಲೆ ಗಟ್ಟಿ ಇಂಗು ಹುಡುಕಿಕೊಂಡು ಅವೆನ್ಯೂ ರೋಡಿನ ಕಡೆ ನಮ್ಮವರನ್ನು ಓಡಿಸಿದ್ದಾಯಿತು. ಹೊಟ್ಟೆ ಈಗ ಪರವಾಗಿಲ್ಲ. ಪೂರ್ತಿ ಸರಿಯಾಗಿದೆಯಾ ಅಂದರೆ ಇಲ್ಲ, ಬಸ್ಸಿನಲ್ಲಿ ಸೀಟು ಸಿಗುವುದು ಸ್ವಲ್ಪ ಕಡಿಮೆಯಾಗಿದೆ.

ಈಗ ಒಂದೊಂದನ್ನೇ ವಾಪಸ್ ತರುವ ಸರದಿ. ಹಾಲು ಆಯಿತು, ಗಲಾಟೆ ಇಲ್ಲ. ಗೋಧಿ ಸ್ವಲ್ಪ ಗೊಣಗಿತು. ಮುಂದಿನ ಸೋಮವಾರ ಬೆಳ್ಳುಳ್ಳಿ. ನಮ್ಮವರಿಗೆ ಅವತ್ತೇ ಮೈಸೂರಿನಲ್ಲಿ ಏನೋ ಅರ್ಜೆಂಟ್ ಕೆಲಸವಂತೆ, ರಾತ್ರಿ ಅಲ್ಲೇ ಉಳಿದುಕೊಳ್ಳುತ್ತಾರಂತೆ.