ಪಟ್ಟಿಯಲ್ಲಿ 'ಇತರೆ ಸಾಮಾನು'

ಹೋದ ಭಾನುವಾರ ಯುಪಿಎಸ್‌ನ ಹಳೇ ಬ್ಯಾಟರಿ, ಕೆಟ್ಟ ಮಿಕ್ಸಿ ಎಲ್ಲ ಸ್ಕೂಟರಿನ ಮುಂದೆ ಇಟ್ಟುಕೊಂಡು ಮಾಗಡಿ ರೋಡಿನ ಒಂದು ಗುಜರಿ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಬಂದ ಪ್ರತಿ ಸಾಮಾನಿಗೂ ಮ್ಯಾಗ್ನೆಟ್ ತಾಗಿಸಿ ನೋಡುತ್ತಿದ್ದರು. ಅಂಟಿದರೆ ಕಬ್ಬಿಣ, ಕಮ್ಮಿ ರೇಟು. ಅಂಟದಿದ್ದರೆ ತಾಮ್ರವೋ ಹಿತ್ತಾಳೆಯೋ ಸೀಸವೋ, ಜಾಸ್ತಿ ರೇಟು. ಅಷ್ಟೇ ಪರೀಕ್ಷೆ. ನೋಡುತ್ತಾ ನಿಂತವನಿಗೆ ದೆಹಲಿಯ ಮಾಯಾಪುರಿ ನೆನಪಾಯಿತು.

2010ರ ಕಥೆ ಅದು. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಕೆನಡಾದಿಂದ ತರಿಸಿದ ಗಾಮಾ ಕಿರಣ ಸೂಸುವ ಒಂದು ಯಂತ್ರ ಇತ್ತು. 1985ರಿಂದ ಬಳಕೆಯಲ್ಲೇ ಇರಲಿಲ್ಲ. ಫೆಬ್ರವರಿಯಲ್ಲಿ ಹಳೇ ಸಾಮಾನಿನ ಜೊತೆ ಅದನ್ನೂ ಹರಾಜು ಹಾಕಿದರು, ಮಾಯಾಪುರಿಯ ಗುಜರಿಯವರು ಕೊಂಡರು. ಒಳಗಿದ್ದ ಕೋಬಾಲ್ಟ್-60 ಅನ್ನುವ ವಿಕಿರಣಶೀಲ ಲೋಹದ ಕಡ್ಡಿಗಳು ಪೆನ್ಸಿಲ್‌ನಷ್ಟು. ಅವುಗಳ ಕಿರಣ ಹೊರಗೆ ಬರದಂತೆ ಸುತ್ತ ಇಟ್ಟಿದ್ದ ಸೀಸ ಮಾತ್ರ ರಾಶಿ. ಜನರನ್ನು ಕಾಪಾಡಲು ಇಟ್ಟ ಸೀಸವೇ ಗುಜರಿಯಲ್ಲಿ ಒಳ್ಳೇ ರೇಟಿನ ಮಾಲು, ಹಾಗಾಗಿ ಒಡೆದರು. ಏಪ್ರಿಲ್ ಹೊತ್ತಿಗೆ ಕೈ ಸುಟ್ಟು ಕಪ್ಪಾದವರು, ಕೂದಲು ಉದುರಿದವರು ಆಸ್ಪತ್ರೆ ಸೇರಿದರು. ಒಬ್ಬರು ತೀರಿಕೊಂಡರು. ಕೋಬಾಲ್ಟ್-60ರ ಶಕ್ತಿ ಐದೂಕಾಲು ವರ್ಷಕ್ಕೆ ಅರ್ಧ ಆಗುತ್ತದೆ. ಅಂದರೆ ಎಷ್ಟೋ ಸಲ ಅರ್ಧ ಆಗಿ ಉಳಿದ ಚೂರುಪಾರು ಮಾಡಿದ ಕೆಲಸ ಇದು.

ಅಣು ಭದ್ರತೆ ಅಂದರೆ ನಮ್ಮ ವಾಟ್ಸಾಪ್ ಗ್ರೂಪಿನ ಹಿರಿಯರಿಗೆ ಮೊದಲು ನೆನಪಾಗುವುದು ಭಯೋತ್ಪಾದಕರು, ವಿಕಿರಣದ ವಸ್ತುವನ್ನು ಸುತ್ತ ಚೆಲ್ಲುವ ಡರ್ಟಿ ಬಾಂಬ್. ಆ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಅಣು ಸ್ಥಾವರದ ಗೇಟಿನಲ್ಲಿ ಬಂದೂಕು ಹಿಡಿದ ಕೇಂದ್ರದ ಭದ್ರತಾ ಪಡೆ ಸಿಐಎಸ್ಎಫ್ ಇರುತ್ತದೆ. ನನಗೆ ಭಯ ಇರುವುದು ಗೇಟೇ ಇಲ್ಲದ ಕಡೆ. ಕ್ಯಾನ್ಸರ್ ಚಿಕಿತ್ಸೆಯ ಹಳೇ ಕೋಬಾಲ್ಟ್ ಮಷಿನ್, ಪೈಪಿನ ವೆಲ್ಡಿಂಗ್ ಪರೀಕ್ಷೆ ಮಾಡುವ ಇರಿಡಿಯಂ-192 ಕ್ಯಾಮೆರಾ, ಕಾರ್ಖಾನೆಯ ಗೇಜಿನೊಳಗಿನ ಸೀಸಿಯಂ. ವಿಕಿರಣ ಸೂಸುವ ಇವು ಊರೊಳಗೇ ಇರುತ್ತವೆ. ಇರಲೂ ಬೇಕು, ಕೆಲಸಕ್ಕೆ ಬರುವ ವಸ್ತುಗಳೇ.

ಕಾನೂನು ಇಲ್ಲ ಅಂತಲ್ಲ. ಅಣುಶಕ್ತಿ ನಿಯಂತ್ರಣ ಮಂಡಳಿ (ಎಇಆರ್‌ಬಿ) ಇದೆ, ಲೈಸೆನ್ಸ್ ಬೇಕು, ಕೆಲಸ ಮುಗಿದ ಮೇಲೆ ವಾಪಸ್ ಕಳಿಸಬೇಕು ಅಂತಲೂ ಇದೆ. ಆದರೆ ಪ್ರೊಫೆಸರ್ ರಿಟೈರ್ ಆಗುತ್ತಾರೆ, ಕಾರ್ಖಾನೆ ಮುಚ್ಚುತ್ತದೆ, ಗೋಡೌನಿನ ಮೂಲೆಯಲ್ಲಿ ಏನಿದೆ ಅಂತ ಓನರ್ ಮಗನಿಗೆ ಗೊತ್ತಿರುವುದಿಲ್ಲ.

ಇದನ್ನು ಸುಮ್ನೆ ಹೇಳುತ್ತಿಲ್ಲ. ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಹನ್ನೊಂದು ವರ್ಷ ಇದ್ದವನು ನಾನು. ಹಿಂದಿನವರು ಚಾರ್ಜ್ ಕೊಡುವಾಗ ಪಟ್ಟಿಯಲ್ಲಿ 'ಇತರೆ ಸಾಮಾನು, ಪೆಟ್ಟಿಗೆ 1' ಅಂತ ಬರೆದಿದ್ದರು. ಬೀಗ ಇತ್ತು, ಬೀಗದ ಕೈ ಇರಲಿಲ್ಲ. ಸೈನ್ ಹಾಕಿದೆ. ಕೆಲಸ ಬಿಡುವಾಗ ನಾನೂ ಅದೇ ಸಾಲು ಬರೆದು ಮುಂದಿನವನಿಂದ ಸೈನ್ ಹಾಕಿಸಿಕೊಂಡೆ. ಅದರಲ್ಲಿ ತುಕ್ಕು ಹಿಡಿದ ಬೋಲ್ಟ್ ಇದ್ದಿರಬಹುದು. ಆದರೆ ಬ್ರೆಜಿಲ್‌ನ ಗೊಯಾನಿಯಾದಲ್ಲೂ ಹೀಗೇ ತಾನೇ ಆಗಿದ್ದು? ಕ್ಲಿನಿಕ್ ಬೇರೆ ಕಡೆ ಹೋಯಿತು, ಸೀಸಿಯಂ-137 ಇದ್ದ ಕ್ಯಾನ್ಸರ್ ಚಿಕಿತ್ಸೆಯ ಮಷಿನ್ ಪಾಳುಬಿದ್ದ ಕಟ್ಟಡದಲ್ಲೇ ಉಳಿಯಿತು. 1987ರಲ್ಲಿ ಇಬ್ಬರು ಅದನ್ನು ಬಿಚ್ಚಿ ಗುಜರಿಗೆ ಮಾರಿದರು. ಒಳಗಿದ್ದದ್ದು ರಾತ್ರಿ ನೀಲಿಯಾಗಿ ಹೊಳೆಯುವ ಪುಡಿ. ಗುಜರಿಯವನು ಅದನ್ನು ನೆಂಟರಿಷ್ಟರಿಗೆ ಹಂಚಿದ. ಆರು ವರ್ಷದ ಒಂದು ಹುಡುಗಿ ಮೈಗೆ ಬಳಿದುಕೊಂಡು ಆಡಿದಳು, ಅದೇ ಕೈಯಲ್ಲಿ ಊಟ ಮಾಡಿದಳು. ಅವಳೂ ಸೇರಿ ನಾಲ್ಕು ಜನ ಸತ್ತರು, ಲಕ್ಷಕ್ಕೂ ಹೆಚ್ಚು ಜನರನ್ನು ತಪಾಸಣೆ ಮಾಡಬೇಕಾಯಿತು.

ನನ್ನ ಕೇಳಿದರೆ, ಇಂಥ ಮಷಿನ್ ಕೊಳ್ಳುವಾಗಲೇ ದೊಡ್ಡ ಡಿಪಾಸಿಟ್ ಕಟ್ಟಿಸಿಕೊಳ್ಳಬೇಕು, ಸೋಡಾ ಬಾಟಲಿಗೆ ಇಟ್ಟುಕೊಳ್ಳುತ್ತಿದ್ದರಲ್ಲ ಹಾಗೆ. ವಾಪಸ್ ಕೊಟ್ಟರೆ ದುಡ್ಡು ವಾಪಸ್. ಯಾರೂ ಮರೆಯುವುದಿಲ್ಲ. ಮತ್ತೆ, ಗುಜರಿಯವರಿಗೆ ಇಂಥ ಮಷಿನ್ ಸಿಕ್ಕಿ, ಅವರು ತಿಳಿಸಿದರೆ ಆ ಸೀಸದ ತೂಕದ ದುಡ್ಡನ್ನು ಸರ್ಕಾರವೇ ಕೊಡಲಿ. ಒಂದು ಸಾವಿಗಿಂತ ಅದು ದುಬಾರಿಯಾ?

ಅವತ್ತು ಅಂಗಡಿಯವರಿಗೆ ಮೊಬೈಲಿನಲ್ಲಿ ವಿಕಿರಣದ ಅಪಾಯ ತಿಳಿಸುವ ಆ ಮೂರು ರೆಕ್ಕೆಯ ಹಳದಿ ಚಿಹ್ನೆ ತೋರಿಸಿ, ಇದೇನು ಗೊತ್ತಾ ಅಣ್ಣ ಅಂತ ಕೇಳಿದೆ. "ಫ್ಯಾನ್ ಅಲ್ವಾ ಸಾರ್? ಮೋಟಾರ್ ಇದ್ರೆ ತಾಮ್ರ ಸಿಗುತ್ತೆ" ಅಂದರು. ನಗು ಬಂತು, ಆದರೆ ಇದು ಅವರೊಬ್ಬರ ತಪ್ಪಲ್ಲ. ಆ ಚಿಹ್ನೆ ಜನಕ್ಕೆ ಅರ್ಥ ಆಗುವುದಿಲ್ಲ ಅಂತಲೇ 2007ರಲ್ಲಿ ಹೊಸದೊಂದನ್ನು ಮಾಡಿದ್ದಾರೆ. ಕೆಂಪು ತ್ರಿಕೋನ, ತಲೆಬುರುಡೆ, ಓಡುವ ಮನುಷ್ಯ. ಅದನ್ನೂ ತೋರಿಸಿದೆ. ಇದು ಅರ್ಥ ಆಯ್ತು ಅಂದರು. ಹಾಗಾದರೆ ಇಂಥದ್ದು ಬಂದರೆ ಬಿಚ್ಚಬೇಡಿ, ಪೊಲೀಸರಿಗೆ ಫೋನ್ ಮಾಡಿ ಅಂದೆ.

"ಮಾಡಿದ್ರೆ ಎಲ್ಲಿ ಕದ್ದೆ ಅಂತ ಮೊದಲು ನನ್ನನ್ನೇ ಕೂರಿಸ್ತಾರೆ ಸಾರ್" ಅಂದು ನನ್ನ ಬ್ಯಾಟರಿ ಎತ್ತಿ ತಕ್ಕಡಿಗೆ ಹಾಕಿದರು.