ಬೇಲಿ ಹಾರುವ ನೀಲಿ ಚುಕ್ಕಿ

ಮಲೆನಾಡಿನ ಮದುವೆ ಕರೆಯೋಲೆಗಳಲ್ಲಿ ಈಗ ಮೇಲ್ಗಡೆ ಗಣಪತಿ, ಕೆಳಗಡೆ ಮದುವೆ ಮನೆಯ ದಾರಿ ತೋರಿಸುವ ಕ್ಯೂಆರ್ ಕೋಡ್. ಮಧ್ಯದಲ್ಲಿರುವ ವಧೂವರರ ಹೆಸರು ಓದದಿದ್ದರೂ ನಡೆದೀತು, ಕೋಡ್ ಸ್ಕ್ಯಾನ್ ಮಾಡದಿದ್ದರೆ ಊಟ ತಪ್ಪುತ್ತದೆ. ಮಾಡಿದರೂ ತಪ್ಪುವುದುಂಟು. ಶಿವಮೊಗ್ಗದಿಂದ ಹೊರಟ ನೆಂಟರ ಕಾರು ತೀರ್ಥಹಳ್ಳಿ ದಾಟಿ, ಟಾರು ಮುಗಿದು, ಕೆಮ್ಮಣ್ಣಿನ ದಾರಿಯೂ ಮುಗಿದು ಅಕೇಶಿಯಾ ನೆಡುತೋಪಿನ ನಡುವೆ ನಿಂತಾಗ ಫೋನಿನ ಹೆಣ್ಣುದನಿ, ತಲುಪಬೇಕಾದ ಜಾಗ ತಲುಪಿದಿರಿ ಎಂದು ಘೋಷಿಸುತ್ತದೆ. ಸುತ್ತ ಚಪ್ಪರವಿಲ್ಲ, ವಾಲಗವಿಲ್ಲ. ಹಿಂದಿನ ಸೀಟಿನಲ್ಲಿ ರೇಷ್ಮೆ ಸೀರೆಯುಟ್ಟವರು ಇಳಿಯುವುದೋ ಬೇಡವೋ ಎಂದು ಉಂಬಳದ (ಜಿಗಣೆಯ) ಭಯದಲ್ಲಿ ಕಾಲು ಮೇಲೆತ್ತಿ ಕೂತಿರುತ್ತಾರೆ.

ಬೈಗುಳವೆಲ್ಲ ಉಪಗ್ರಹಕ್ಕೆ ಹೋಗುತ್ತದೆ, ಪಾಪ. ತಪ್ಪು ನಕ್ಷೆಯಲ್ಲಿ ಪಿನ್, ಅಂದರೆ ಜಾಗದ ಗುರುತು, ಹಾಕಿದವರದ್ದು. ಬಯಲುಸೀಮೆಯಲ್ಲಿ ಊರೆಂದರೆ ಒತ್ತಿಕೊಂಡು ಕೂತ ಮನೆಗಳು. ಊರ ಹೆಸರು ಹುಡುಕಿದರೆ ಹೆಚ್ಚೆಂದರೆ ಎರಡು ಬೀದಿ ಆಚೀಚೆ ಆದೀತು. ನಮ್ಮಲ್ಲಿ ಗುಡ್ಡಕ್ಕೊಂದು ಮನೆ, ಹಳ್ಳದಾಚೆ ಇನ್ನೊಂದು. ಒಂದೇ ಗ್ರಾಮದ ಹೆಸರು ಕಿಲೋಮೀಟರ್‌ಗಟ್ಟಲೆ ಹಬ್ಬಿರುತ್ತದೆ. ನಕ್ಷೆಯವರು ಆ ಹೆಸರನ್ನು ಎಲ್ಲೋ ನಡುವೆ ಬರೆಯುತ್ತಾರೆ, ಆ ನಡುವೆ ಇರುವುದು ಸಾಮಾನ್ಯವಾಗಿ ಸೊಪ್ಪಿನಬೆಟ್ಟ. ಪೇಟೆಯಲ್ಲಿ ಕೂತು ಕರೆಯೋಲೆ ವಿನ್ಯಾಸ ಮಾಡುವವರು ಊರ ಹೆಸರು ಟೈಪ್ ಮಾಡಿ, ಬಂದ ಲಿಂಕನ್ನೇ ಕೋಡ್ ಮಾಡಿ ಕೈತೊಳೆದುಕೊಳ್ಳುತ್ತಾರೆ.

ಪಿನ್ ಹಾಕುವುದು ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಆಗುವ ಕೆಲಸವಲ್ಲ. ಮನೆಯವರೊಬ್ಬರು ಗೇಟಿನ ಹತ್ತಿರ, ತಲೆಮೇಲೆ ಮರವಿಲ್ಲದ ಕಡೆ ಹೋಗಿ ನಿಲ್ಲಬೇಕು. ಗೂಗಲ್ ಮ್ಯಾಪ್ಸ್ ತೆರೆದರೆ ನೀಲಿ ಚುಕ್ಕಿಯ ಸುತ್ತ ಒಂದು ತಿಳಿನೀಲಿ ವೃತ್ತ ಕಾಣುತ್ತದೆ. ವೃತ್ತ ದೊಡ್ಡದಿದ್ದರೆ ‘ಇಲ್ಲೇ ಎಲ್ಲೋ ಇದ್ದೀರಿ ಮಾರಾಯ್ರೇ, ಖಚಿತ ಕೇಳಬೇಡಿ’ ಎಂದರ್ಥ. ಒಂದೆರಡು ನಿಮಿಷ ಕಾದರೆ ಅದು ಕುಗ್ಗುತ್ತದೆ. ಆಮೇಲೆ ಸ್ಯಾಟಲೈಟ್ ಚಿತ್ರ ಹಾಕಿಕೊಂಡು ಮನೆಯ ಹೆಂಚು, ಅಂಗಳ ಗುರುತಿಸಿ, ಗೇಟಿನ ಮೇಲೆ ಬೆರಳು ಒತ್ತಿ ಹಿಡಿಯಿರಿ. ಕೆಂಪು ಪಿನ್ ಬೀಳುತ್ತದೆ. ಶೇರ್ ಮಾಡಬೇಕಾದ್ದು ಅದನ್ನು. ಮನೆಯ ಮೇಲೆ ಯಾಕೆ ಬೇಡ ಎಂದರೆ, ನಕ್ಷೆ ಪಿನ್‌ಗೆ ಹತ್ತಿರವಾದ ರಸ್ತೆಯನ್ನು ಹಕ್ಕಿ ಹಾರುವ ಲೆಕ್ಕದಲ್ಲಿ ಹುಡುಕಬಹುದು. ನಿಮ್ಮ ಮನೆಗೆ ಎದುರಿನ ರಸ್ತೆಗಿಂತ ಹಿತ್ತಲಿನಾಚೆಯ ರಸ್ತೆ ಹತ್ತಿರವಿದ್ದರೆ ನೆಂಟರು ಅಲ್ಲಿಗೆ ಬಂದು ನಿಲ್ಲುತ್ತಾರೆ. ನಡುವೆ ಹಳ್ಳ, ಹಳ್ಳಕ್ಕೆ ಅಡಿಕೆ ಮರದ ಕಾಲುಸಂಕ. ಅಳಿಯನನ್ನು ಸಂಕ ದಾಟಿಸಬಹುದು, ಅಳಿಯನ ಕಾರನ್ನು ಹೇಗೆ ದಾಟಿಸುತ್ತೀರಿ?

ಪಿನ್ ಹಾಕಿದಾಗ ಎರಡು ದಶಾಂಶ ಸಂಖ್ಯೆಗಳೂ ಬರುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ಶಿವಮೊಗ್ಗ ಪೇಟೆಯದ್ದು ಸುಮಾರು 13.93, 75.57. ಬಿಂದುವಿನ ನಂತರ ನಾಲ್ಕು ಅಂಕಿ ಇದ್ದರೆ ಸುಮಾರು 11 ಮೀಟರ್ ನಿಖರತೆ, ಐದಿದ್ದರೆ ಒಂದು ಮೀಟರ್. ಎರಡೇ ಅಂಕಿ ಬರೆದು ಕಳಿಸುವ ಉದಾರಿಗಳೂ ಇದ್ದಾರೆ. ಅವರ ಮನೆ ಒಂದು ಕಿಲೋಮೀಟರ್ ಉದ್ದಗಲದಲ್ಲಿ ಎಲ್ಲಿ ಬೇಕಾದರೂ ಇರಬಹುದು. ಇನ್ನು ಎರಡು ಸಂಖ್ಯೆಗಳನ್ನು ಅದಲು ಬದಲು ಮಾಡಿ ಬರೆದರಂತೂ ಮದುವೆ ಮನೆ ನಾರ್ವೆಯ ಉತ್ತರಕ್ಕೆ, ಸ್ವಾಲ್ಬಾರ್ಡ್ ದ್ವೀಪಗಳ ದಕ್ಷಿಣದ ಸಮುದ್ರಕ್ಕೆ ಹೋಗುತ್ತದೆ. ಅಲ್ಲಿಗೆ ಬೇಸಿಗೆ ಮದುವೆಯೇ ಒಳ್ಳೆಯದು.

ಅಷ್ಟಕ್ಕೂ ಈ ಚುಕ್ಕಿಗೆ ನೀವು ಎಲ್ಲಿದ್ದೀರೆಂದು ಗೊತ್ತಾಗುವುದು ಹೇಗೆ? ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ ತಮ್ಮ ಜಾಗ ಮತ್ತು ಸಮಯವನ್ನು ಸಾರುತ್ತಲೇ ಇರುತ್ತವೆ. ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈದೌ ಕೂಡ ಅಷ್ಟೇ. ನಮ್ಮ ಇಸ್ರೋದ ನಾವಿಕ್ ಇದೆ, ಅದರ ಮೊದಲ ಉಪಗ್ರಹ ಮೇಲೇರಿದ್ದು 2013ರ ಜುಲೈನಲ್ಲಿ. ಎಲ್ಲ ಫೋನುಗಳಿಗೂ ಅದರ ಭಾಷೆ ತಿಳಿಯುವುದಿಲ್ಲ. ಫೋನು ಕೇಳಿಸಿಕೊಳ್ಳುತ್ತದೆ ಅಷ್ಟೇ, ಉಪಗ್ರಹಕ್ಕೆ ಏನನ್ನೂ ಹೇಳುವುದಿಲ್ಲ. ಕನಿಷ್ಠ ನಾಲ್ಕು ಉಪಗ್ರಹಗಳ ದನಿ ಕೇಳಿದರೆ ಲೆಕ್ಕ ಕೂಡುತ್ತದೆ: ಮೂರು ಜಾಗಕ್ಕೆ, ನಾಲ್ಕನೆಯದು ಫೋನಿನ ಗಡಿಯಾರದ ತಪ್ಪು ತಿದ್ದಲಿಕ್ಕೆ. ಗಡಿಯಾರ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ತಪ್ಪಿದರೂ 300 ಮೀಟರ್ ಹೆಚ್ಚುಕಡಿಮೆ. ಬಯಲಿನಲ್ಲಿ ಫೋನಿನ ಜಿಪಿಎಸ್ ಐದು ಮೀಟರ್‌ನೊಳಗೆ ಹೇಳಿಬಿಡುತ್ತದೆ. ಕೆಲಸ ಕೆಡುವುದು ಬಯಲು ಮುಗಿದ ಮೇಲೆ.

‘ಮೋಡ ಕಟ್ಟಿದೆ, ಹಾಗಾಗಿ ಲೊಕೇಶನ್ ಸಿಗ್ತಿಲ್ಲ’ ಎಂಬುದು ಜೂನ್ ತಿಂಗಳಲ್ಲಿ ಎಲ್ಲ ಕಡೆ ಕೇಳುವ ಮಾತು. ಮೋಡ, ಮಳೆ ಈ ಅಲೆಗಳನ್ನು ಲೆಕ್ಕಕ್ಕೆ ಬರುವಷ್ಟು ತಡೆಯುವುದಿಲ್ಲ. ಆಗುಂಬೆಯ ಮಳೆಯೂ ತಡೆಯುವುದಿಲ್ಲ. ತಡೆಯುವುದು ಮಳೆಯಲ್ಲಿ ತೊಯ್ದ ಎಲೆ. ದಟ್ಟ ಕಾಡಿನ ಒದ್ದೆ ಚಪ್ಪರದಡಿ ಮೊದಲೇ ಕ್ಷೀಣವಾದ ಸಿಗ್ನಲ್ ಇನ್ನೂ ಸೊರಗುತ್ತದೆ. ಜೊತೆಗೆ ಕಣಿವೆ. ಎರಡೂ ಕಡೆ ಗುಡ್ಡವಿದ್ದರೆ ಆಕಾಶದ ಒಂದು ಪಟ್ಟಿ ಮಾತ್ರ ಕಾಣುತ್ತದೆ, ಉಪಗ್ರಹಗಳೂ ಅಷ್ಟೇ. ಕೆಲವು ಅಲೆಗಳು ಬಂಡೆಗೆ ಬಡಿದು ತಡವಾಗಿ ಬಂದು ಲೆಕ್ಕ ಕೆಡಿಸುತ್ತವೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಚುಕ್ಕಿ ಒಮ್ಮೊಮ್ಮೆ ಏಳನೆಯ ತಿರುವಿನಿಂದ ಒಂಬತ್ತನೆಯದಕ್ಕೆ ನೇರ ಜಿಗಿಯುವುದು ಇದೇ ಕಾರಣಕ್ಕೆ. ಒಂದರ ಕೆಳಗೊಂದು ಮಡಿಚಿಕೊಂಡ ರಸ್ತೆ, ನಕ್ಷೆಯಲ್ಲಿ ನಡುವಿನ ಅಂತರ ಅತ್ಯಲ್ಪ. ಡ್ರೈವರ್ ಪರದೆಯನ್ನು ನಂಬದೆ ರಸ್ತೆಯನ್ನು ನಂಬಿದರೆ ಎಲ್ಲರಿಗೂ ಕ್ಷೇಮ.

ಅಡಿಕೆ ತೋಟದಲ್ಲಿ ಇದೇ ಸಮಸ್ಯೆ ಜಗಳದ ರೂಪ ತಾಳುತ್ತದೆ. ದಿಶಾಂಕ್ ಆ್ಯಪ್ ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ, ಬಹಳ ಉಪಯೋಗದ್ದು. ಆದರೆ ಅಡಿಕೆ ಸಸಿ ಇಡುವುದು ಒಂಬತ್ತು ಅಡಿ ಅಂತರದಲ್ಲಿ. ಚುಕ್ಕಿ ಐದು ಮೀಟರ್ ತಪ್ಪಿದರೆ ಸುಮಾರು ಎರಡು ಸಾಲು, ಸೋಗೆಯಡಿ ಹದಿನೈದು ಮೀಟರ್ ತಪ್ಪಿದರೆ ಐದಾರು ಸಾಲು ಅಡಿಕೆ ಪಕ್ಕದವರದ್ದಾಗುತ್ತದೆ. ಇದರ ಮೇಲೆ, ಹಳೆಯ ಗ್ರಾಮನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ಗೆರೆಗಳು ಸ್ವಲ್ಪ ಜರುಗಿರಬಹುದು. ಹಾಗಾಗಿ ಬೆಳಿಗ್ಗೆ ಅಗಳದ ಆಚೆ ನಿಂತು ‘ನೋಡಿ, ಆ್ಯಪಿನಲ್ಲಿ ಈ ಮರ ನಂದು’ ಎನ್ನುವವರಿಗೆ, ಅದೇ ಆ್ಯಪನ್ನು ಮಧ್ಯಾಹ್ನ ಮತ್ತೊಮ್ಮೆ ತೆರೆಯಲು ಹೇಳಿ. ಮರ ವಾಪಸು ಬಂದರೂ ಬಂದೀತು. ನಿಜವಾದ ಗಡಿ ಬೇಕಿದ್ದರೆ ಸರ್ವೆಯವರಿಗೆ ಅರ್ಜಿ ಹಾಕಿ ಹದ್ದುಬಸ್ತು ಮಾಡಿಸುವುದೊಂದೇ ದಾರಿ. ಬೆಳೆ ಸಮೀಕ್ಷೆಯ ಫೋಟೋ ತೆಗೆಯುವಾಗ ‘ಜಮೀನಿನ ಹೊರಗಿದ್ದೀರಿ’ ಎಂದು ಆ್ಯಪ್ ಹಟ ಹಿಡಿದರೆ, ಬೇಲಿಯ ಅಂಚು ಬಿಟ್ಟು ತೋಟದ ಒಳಗೆ, ಆಕಾಶ ಕಾಣುವ ಕಿಂಡಿ ಹುಡುಕಿ ಒಂದು ನಿಮಿಷ ಅಲ್ಲಾಡದೆ ನಿಲ್ಲಿ.

ಫೋನು ಉಪಗ್ರಹವೊಂದನ್ನೇ ನಂಬಿ ಕೂರುವುದಿಲ್ಲ. ಸುತ್ತಲಿನ ವೈಫೈ, ಮೊಬೈಲ್ ಟವರ್‌ಗಳನ್ನೂ ನೋಡಿ ಅಂದಾಜು ಮಾಡುತ್ತದೆ. ಪೇಟೆಯಲ್ಲಿ ಮನೆಮನೆಗೂ ವೈಫೈ ಇರುವುದರಿಂದ ಇದು ಚೆನ್ನಾಗಿ ನಡೆಯುತ್ತದೆ. ಹೊಸನಗರದ ಒಳಗಿನ ಹಳ್ಳಿಯಲ್ಲಿ ಸುತ್ತ ಸಿಗುವುದು ಒಂದೇ ಟವರ್, ಅದೂ ಹಿನ್ನೀರಿನ ಆಚೆ ದಡದ್ದು. ಜಿಪಿಎಸ್ ಸಿಗದ ಕ್ಷಣಗಳಲ್ಲಿ ಫೋನು ಟವರನ್ನು ನಂಬಿ ನಿಮ್ಮನ್ನೂ ಆಚೆ ದಡದಲ್ಲೇ ಇಟ್ಟುಬಿಡುತ್ತದೆ. ವೃತ್ತ ಕೆರೆಯಷ್ಟು ದೊಡ್ಡದಾಗಿದ್ದರೆ ಇದೇ ಆಗಿದೆ ಎಂದು ತಿಳಿಯಿರಿ. ಅಂಗಳಕ್ಕೆ ಬಂದರೆ ಸರಿಹೋಗುತ್ತದೆ. ದಿಕ್ಕು ಮಾತ್ರ ಉಲ್ಟಾ ತೋರಿಸುತ್ತಿದ್ದರೆ ದಿಕ್ಸೂಚಿಯ ತೊಂದರೆ: ಫೋನನ್ನು ಗಾಳಿಯಲ್ಲಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ಆಡಿಸಿ, ಅದಕ್ಕೂ ಮುಂಚೆ ಆಯಸ್ಕಾಂತದ ಗುಂಡಿಯಿರುವ ಕವರ್ ಬಿಚ್ಚಿ. ನಡುರಸ್ತೆಯಲ್ಲಿ ಫೋನು ಹಿಡಿದು ಎಂಟು ಬರೆಯುವವರನ್ನು ದನ ಕಾಯುವ ಹುಡುಗರು ನಿಂತು ನೋಡುತ್ತಾರೆ. ನೋಡಲಿ.

‘ನೆಟ್ಟೇ ಇಲ್ಲ, ಇನ್ನು ಜಿಪಿಎಸ್ ಎಲ್ಲಿ ಬರ್ಬೇಕು’ ಎಂಬುದು ಇನ್ನೊಂದು ತಪ್ಪು. ಕರೆಂಟು ಹೋಗಿ, ಟವರಿನ ಬ್ಯಾಟರಿ ಮುಗಿದು, ಫೋನಿನಲ್ಲಿ ಒಂದು ಕಡ್ಡಿಯೂ ಇಲ್ಲದಾಗಲೂ ಉಪಗ್ರಹ ತನ್ನ ಪಾಡಿಗೆ ಸಾರುತ್ತಿರುತ್ತದೆ. ಏರ್‌ಪ್ಲೇನ್ ಮೋಡ್‌ನಲ್ಲೂ ಚುಕ್ಕಿ ಸಿಗುತ್ತದೆ. ಸಿಗದಿರುವುದು ಚುಕ್ಕಿಯ ಕೆಳಗಿನ ನಕ್ಷೆ. ಖಾಲಿ ಬೂದುಬಣ್ಣದ ಪರದೆಯ ನಡುವೆ ಚುಕ್ಕಿಯೊಂದು ಮಿನುಗುತ್ತಿದ್ದರೆ, ಅದು ಸರಿಯಾದ ಜಾಗದಲ್ಲೇ ಇದೆ. ನೆಟ್ ಇದ್ದಾಗ ಉಪಗ್ರಹಗಳ ಪಟ್ಟಿಯನ್ನು ಫೋನು ಇಂಟರ್ನೆಟ್ಟಿನಿಂದ ಬೇಗ ತರಿಸಿಕೊಳ್ಳುತ್ತದೆ, ಇಲ್ಲದಾಗ ಉಪಗ್ರಹದ ಬಾಯಿಂದಲೇ ನಿಧಾನಕ್ಕೆ ಕೇಳಬೇಕು. ಒಂದೊಂದು ಉಪಗ್ರಹ ತನ್ನ ಜಾಗದ ವಿವರವನ್ನು ಒಮ್ಮೆ ಪೂರ್ತಿ ಹೇಳಲು 30 ಸೆಕೆಂಡ್ ತೆಗೆದುಕೊಳ್ಳುತ್ತದೆ, ಮಧ್ಯೆ ಸಿಗ್ನಲ್ ಕಡಿದರೆ ಮತ್ತೆ ಮೊದಲಿನಿಂದ. ಅದಕ್ಕೇ ಕಾಡಿನಲ್ಲಿ ಹೊತ್ತಾಗುತ್ತದೆ.

ಮದ್ದು ಸರಳ. ಮನೆಯ ವೈಫೈ ಇರುವಾಗಲೇ ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ, ಆಫ್‌ಲೈನ್ ಮ್ಯಾಪ್ಸ್‌ಗೆ ಹೋಗಿ, ಚೌಕಟ್ಟನ್ನು ಶಿವಮೊಗ್ಗದಿಂದ ಕರಾವಳಿಯವರೆಗೆ ಎಳೆದು ಇಳಿಸಿಕೊಳ್ಳಿ. ಎರಡು ಎಚ್ಚರಿಕೆ: ಆಫ್‌ಲೈನ್‌ನಲ್ಲಿ ವಾಹನದ ದಾರಿ ಸಿಗುತ್ತದೆ, ನಡಿಗೆಯ ದಾರಿ ಸಿಗುವುದಿಲ್ಲ; ಮತ್ತು ಈ ನಕ್ಷೆ ಹಳಸುತ್ತದೆ, ಆಗಾಗ ಅಪ್‌ಡೇಟ್ ಬೇಕು. ಸಿಗಂದೂರಿಗೆ ಹೋಗುವ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಅದಕ್ಕೂ ಹಿಂದಿನ ನಕ್ಷೆ ಇಟ್ಟುಕೊಂಡವರು ಸೇತುವೆಯ ಮೇಲೆ ಹೋಗುವಾಗ ಅವರ ಚುಕ್ಕಿ ಶರಾವತಿ ಹಿನ್ನೀರಿನ ಮೇಲೆ ಲಾಂಚೂ ಇಲ್ಲದೆ ತೇಲಿಕೊಂಡು ಹೋದರೆ ಆಶ್ಚರ್ಯವಿಲ್ಲ. ಘಾಟಿಯಲ್ಲಿ ಗುಡ್ಡ ಕುಸಿದಿದೆ, ಭಾರಿ ವಾಹನ ನಿಷೇಧವಿದೆ ಎಂಬುದನ್ನೂ ಇಳಿಸಿಕೊಂಡ ನಕ್ಷೆ ಹೇಳುವುದಿಲ್ಲ. ಅದಕ್ಕೆ ತೀರ್ಥಹಳ್ಳಿಯ ಚಹಾದಂಗಡಿಯೇ ಸರಿ.

ಇನ್ನು ಅನುಮತಿಗಳ ವಿಷಯ. ಹೊಸ ಆ್ಯಪ್ ಹಾಕಿದ ಕೂಡಲೇ ಲೊಕೇಶನ್ ಕೊಡುತ್ತೀರಾ ಎಂದು ಕೇಳುತ್ತದೆ, ನಮ್ಮವರು ಕೇಳಿದವರಿಗೆ ಇಲ್ಲವೆಂದು ಹೇಳಿ ಗೊತ್ತಿಲ್ಲದವರು. ಟಾರ್ಚ್ ಆ್ಯಪಿಗೆ ನೀವು ಕೊಟ್ಟಿಗೆಯಲ್ಲಿದ್ದೀರೋ ಬಚ್ಚಲಲ್ಲಿದ್ದೀರೋ ಯಾಕೆ ಬೇಕು? ಸೆಟ್ಟಿಂಗ್ಸ್, ಲೊಕೇಶನ್, ಆ್ಯಪ್ ಪರ್ಮಿಶನ್ಸ್, ಹೀಗೆ ಒಳಗೆ ಹೋದರೆ ಯಾರ್‍ಯಾರಿಗೆ ದಾನ ಮಾಡಿದ್ದೀರೆಂಬ ಪಟ್ಟಿ ಸಿಗುತ್ತದೆ. ಐಫೋನಿನಲ್ಲಿ ಇದು ಪ್ರೈವೆಸಿ ಅಂಡ್ ಸೆಕ್ಯುರಿಟಿಯ ಒಳಗಿದೆ. ‘ಯಾವಾಗಲೂ’ ಎಂಬ ಗುಂಪಿನಲ್ಲಿ ಇರಬೇಕಾದವರು ಬೆರಳೆಣಿಕೆ: ಕಳೆದ ಫೋನ್ ಹುಡುಕುವುದು, ಮನೆಯವರೊಂದಿಗೆ ಸದಾ ಲೊಕೇಶನ್ ಹಂಚುವುದು. ನಕ್ಷೆ, ಟ್ಯಾಕ್ಸಿ, ಹಣ ಪಾವತಿಯ ಆ್ಯಪ್‌ಗಳಿಗೆ ‘ಬಳಸುವಾಗ ಮಾತ್ರ’ ಸಾಕು. ಹವಾಮಾನದ ಆ್ಯಪಿಗೆ ನಿಖರ ಜಾಗವೂ ಬೇಡ. 2021ರ ಆಂಡ್ರಾಯ್ಡ್ 12ರಿಂದೀಚೆಗೆ, ಐಫೋನಿನಲ್ಲಿ 2020ರಿಂದಲೇ, ನಿಖರ ಲೊಕೇಶನ್ ಆಫ್ ಮಾಡಿ ಅಂದಾಜು ಜಾಗ ಮಾತ್ರ ಕೊಡಬಹುದು. ಆಂಡ್ರಾಯ್ಡ್‌ನಲ್ಲಿ ಅದು ಸುಮಾರು ಮೂರು ಚದರ ಕಿಲೋಮೀಟರ್. ಮಲೆನಾಡಿನಲ್ಲಿ ಅಷ್ಟರೊಳಗೆ ಎರಡು ಥರದ ಮಳೆ ಬರುತ್ತದೆ ನಿಜ, ಆದರೆ ಅದನ್ನು ಯಾವ ಆ್ಯಪೂ ಹೇಳುವುದಿಲ್ಲ. ಟ್ಯಾಕ್ಸಿಗೆ ಮಾತ್ರ ಅಪ್ಪಿತಪ್ಪಿಯೂ ಅಂದಾಜು ಕೊಡಬೇಡಿ. ಗಾಡಿ ಮೂರು ಚದರ ಕಿಲೋಮೀಟರ್ ಸುತ್ತುತ್ತದೆ, ನೀವು ಕೊಡೆ ಹಿಡಿದು ನಿಂತಿರುತ್ತೀರಿ.

ಕ್ಯಾಮೆರಾವನ್ನು ಯಾರೂ ಅನುಮಾನಿಸುವುದಿಲ್ಲ. ಲೊಕೇಶನ್ ಟ್ಯಾಗ್ ಆನ್ ಇದ್ದರೆ ಪ್ರತಿ ಫೋಟೋದೊಳಗೂ ಜಾಗದ ಸಂಖ್ಯೆಗಳು ಸೇರುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಎಂದೇ ಕಳಿಸಿದರೆ ಅವು ಕಳಚಿಹೋಗುತ್ತವೆ, ‘ಕ್ವಾಲಿಟಿ ಹೋಗ್ತದೆ’ ಎಂದು ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಉಳಿಯುತ್ತವೆ. ತೋಟದಲ್ಲಿ ಸಿಕ್ಕ ಅಣಬೆಯ ಗುಟ್ಟಿನ ಜಾಗ ಹೀಗೂ ಬಯಲಾಗುತ್ತದೆ.

ಲೈವ್ ಲೊಕೇಶನ್ ಬಗ್ಗೆ ಒಂದು ಮಾತು. ವಾಟ್ಸ್‌ಆ್ಯಪ್‌ನಲ್ಲಿ 15 ನಿಮಿಷ, ಒಂದು ಗಂಟೆ, ಎಂಟು ಗಂಟೆ ಎಂಬ ಮೂರು ಆಯ್ಕೆಗಳಿವೆ. ‘ಇಲ್ಲೇ ಬಂದೆ, ಸಾಗರ ಬಿಟ್ಟೆ’ ಎನ್ನುವವರಿಗೆ 15 ನಿಮಿಷ ಸಾಕಾಗುವುದಿಲ್ಲ, ಎಂಟು ಗಂಟೆ ಒತ್ತಿ ಮರೆತವರು ‘ಆಫೀಸಿನಲ್ಲಿದ್ದೇನೆ’ ಎಂದು ಹೇಳಿ ಜೋಗದಲ್ಲಿ ಬೋಂಡಾ ತಿನ್ನುವುದು ಇಡೀ ಗ್ರೂಪಿಗೆ ಕಾಣುತ್ತದೆ. ಇನ್ನು ಬ್ಯಾಟರಿ ಸೇವರ್ ಆನ್ ಇದ್ದರೆ ಪರದೆ ಆರಿದ ಮೇಲೆ ಲೊಕೇಶನ್ ಕಳಿಸುವುದೇ ನಿಲ್ಲಬಹುದು. ಆಗ ಘಾಟಿಯ ಮಧ್ಯೆ ಚುಕ್ಕಿ ನಿಂತುಬಿಡುತ್ತದೆ. ಬೆಂಗಳೂರಿನ ಮಗಳು ಗಾಬರಿಯಾಗಿ ಫೋನು ಮಾಡುತ್ತಾಳೆ, ಎತ್ತಿದವರು ಘಾಟಿ ಇಳಿದು ಉಡುಪಿಯಲ್ಲಿ ಊಟ ಮುಗಿಸಿರುತ್ತಾರೆ. ಗಾಬರಿಯಾಗುವ ಮುಂಚೆ ಆ ಚುಕ್ಕಿಯ ಹೆಸರಿನ ಕೆಳಗೆ ಕೊನೆಯ ಅಪ್‌ಡೇಟ್ ಎಷ್ಟು ಹೊತ್ತಿಗೆ ಎಂದು ಸಣ್ಣಕ್ಷರದಲ್ಲಿ ಬರೆದಿರುವುದನ್ನು ನೋಡಬೇಕು. ನಲವತ್ತು ನಿಮಿಷ ಹಿಂದಿನದಾಗಿದ್ದರೆ ಹೆಚ್ಚಾಗಿ ನೆಟ್ ಹೋಗಿದೆ ಎಂದೇ ಅರ್ಥ. ಅಂಥ ಕಡೆಗೆ ಹೊರಡುವವರು ಲೈವ್ ಲೊಕೇಶನ್ ನೆಚ್ಚದೆ, ಪಿನ್ನಿನ ಎರಡು ಸಂಖ್ಯೆಗಳನ್ನು ಮಾಮೂಲಿ ಎಸ್‌ಎಂಎಸ್‌ನಲ್ಲಿ ಬರೆದು ಕಳಿಸಲಿ. ಡೇಟಾ ಓಡದ ಒಂದು ಕಡ್ಡಿ ಸಿಗ್ನಲ್‌ನಲ್ಲೂ ಅದು ಹೋಗುತ್ತದೆ, ಅಕ್ಷಾಂಶ ಮೊದಲು ಬರೆದಿದ್ದರೆ ಸರಿ.