ಪ್ರಭಾವ ಕರಗಿದ್ದು ಒಪ್ಪಂದದಿಂದಲ್ಲ

ಶಾಂತಿಯ ಹಾದಿ ಹಿಡಿದದ್ದೇ ಅಫ್ಗಾನಿಸ್ತಾನದ ಮಾಜಿ ಪ್ರಧಾನಿ, ಸಶಸ್ತ್ರ ಬಣವೊಂದರ ನಾಯಕ ಗುಲ್ಬುದ್ದೀನ್ ಹೆಕ್ಮತ್ಯಾರ್ ಅವರನ್ನು ಮೂಲೆಗುಂಪು ಮಾಡಿತು ಎಂಬ, ಅವರ ಕುರಿತ ಲೇಖನದ ಲೇಖಕರ ವಾದವನ್ನು ಒಪ್ಪಲಾರೆ. 2016ರ ಸೆಪ್ಟೆಂಬರ್‌ನಲ್ಲಿ ಆಗಿನ ಅಧ್ಯಕ್ಷ ಅಶ್ರಫ್ ಘನಿ ಅರಮನೆಯಲ್ಲಿ ಕುಳಿತು ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರೆ ಹೆಕ್ಮತ್ಯಾರ್ ಅಜ್ಞಾತ ಸ್ಥಳದಿಂದ ವಿಡಿಯೊ ಮೂಲಕವಷ್ಟೇ ಕಾಣಿಸಿಕೊಂಡರು. ಆ ಹೊತ್ತಿಗೆ ಕಳೆದುಕೊಳ್ಳಲು ಅವರ ಬಳಿ ಉಳಿದಿದ್ದಾದರೂ ಎಷ್ಟು? ಪಾಕಿಸ್ತಾನ ತನ್ನ ಒಲವನ್ನು ಅವರಿಂದ ತಾಲಿಬಾನ್ ಕಡೆಗೆ ಹೊರಳಿಸಿ, 1995ರ ಫೆಬ್ರುವರಿಯಲ್ಲಿ ಕಾಬೂಲಿನ ದಕ್ಷಿಣದ ಚಹರಾಸ್ಯಾಬ್ ನೆಲೆ ಕೈತಪ್ಪಿದಾಗಲೇ ಅವರ ಸೇನಾಬಲದ ಬೆನ್ನೆಲುಬು ಮುರಿದಿತ್ತು. ಅದೇ ಚಹರಾಸ್ಯಾಬ್‌ನಲ್ಲಿ, 1993ರಲ್ಲಿ ಪ್ರಧಾನಿಯಾಗಿದ್ದಾಗ, ತಾವೇ ರಾಕೆಟ್ ಸುರಿಸಿದ್ದ ರಾಜಧಾನಿಗೆ ಕಾಲಿಡಲೊಲ್ಲದೆ ಸಂಪುಟ ಸಭೆ ನಡೆಸುತ್ತಿದ್ದರು (ಪ್ರಧಾನಿ ಪಟ್ಟಕ್ಕೆ ಇದಕ್ಕಿಂತ ವಿಚಿತ್ರ ನಿದರ್ಶನ ನನಗಂತೂ ತಿಳಿದಿಲ್ಲ). ಜೊತೆಗೆ, ಅವರು ಭೂಗತರಾಗಿದ್ದ ವರ್ಷಗಳಲ್ಲೇ ಅವರ ಸಂಘಟನೆ ಹಿಜ್ಬ್-ಎ-ಇಸ್ಲಾಮಿಯ ಒಂದು ಬಣ ಕಾನೂನುಬದ್ಧ ಪಕ್ಷವಾಗಿ ನೋಂದಣಿಯಾಗಿ, ಅನುಭವಿ ಕಾರ್ಯಕರ್ತರನ್ನು ಸಂಸತ್ತಿಗೂ ಸಚಿವಾಲಯಗಳಿಗೂ ಕರೆದೊಯ್ದಿತ್ತು ಎಂಬುದನ್ನು ಲೇಖನ ಗಮನಿಸಿಯೇ ಇಲ್ಲ. 2017ರ ಮೇ ತಿಂಗಳಲ್ಲಿ ವಾಹನಗಳ ಸಾಲಿನೊಡನೆ ಕಾಬೂಲಿಗೆ ಮರಳಿದ ನಾಯಕನ ಹಿಂದೆ ಇದ್ದದ್ದು ಹಳೆಯ ಹೆಸರು ಮತ್ತು ನಗರವಾಸಿಗಳು ಮರೆಯದ ಸಿಟ್ಟು ಮಾತ್ರ. 2019ರ ಅಧ್ಯಕ್ಷೀಯ ಚುನಾವಣೆಯಲ್ಲಿ ದೊರೆತ ಶೇ 3.85ರಷ್ಟು ಮತಗಳನ್ನು ಲೇಖಕರು ಶಾಂತಿಗೆ ತೆತ್ತ ಬೆಲೆ ಎನ್ನುತ್ತಾರೆ. ನನಗದು ಕಾಲು ಶತಮಾನದಷ್ಟು ತಡವಾಗಿ ಬಂದ ಲೆಕ್ಕದಂತೆ ತೋರುತ್ತದೆ.